ರೆಕಾರ್ಡ್ ಬುಕ್ಕಿನ ಚಿತ್ರ ಟೈಮ್ ವೇಸ್ಟ್ ಅಲ್ಲ

1/5
ಸಬ್‌ಮಿಷನ್ ವಾರ ಬಂತು ಅಂದ್ರೆ ಕ್ಲಾಸ್ ಗ್ರೂಪಲ್ಲಿ ಒಂದೇ ರಾಗ: "ಫೋಟೋ ಹೊಡೆದ್ರೆ ಆಯ್ತಲ್ಲ, ದಾಸವಾಳನ ಕೂತ್ಕೊಂಡು ಯಾಕೆ ಬರೀಬೇಕು?" ಆಮೇಲೆ ಸೀನಿಯರ್ ರೆಕಾರ್ಡ್ ಇಟ್ಕೊಂಡು ಕಾಪಿ. ಈಗಂತೂ ಎಐಗೆ ಹೇಳಿದ್ರೆ ಅರ್ಧ ನಿಮಿಷದಲ್ಲಿ ಚಿತ್ರ ರೆಡಿ.

ನಾನು ಇದನ್ನ ಒಪ್ಪಲ್ಲ. ಗಿಡ, ಪ್ರಾಣಿಗಳ ಚಿತ್ರ ಬರೆಯೋದು ಅಂದ್ರೆ ಅವನ್ನು ಸರಿಯಾಗಿ ನೋಡೋದು. ನೋಡದೇ ಬರೆದ್ರೆ ಏನಾಗುತ್ತೆ? ಸ್ವೈಪ್ ಮಾಡಿ.

2/5
ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಘೇಂಡಾಮೃಗ 1515ರಲ್ಲಿ ಹಡಗು ಹತ್ತಿ ಲಿಸ್ಬನ್ ತಲುಪಿತು. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಯಾರೋ ಬರೆದು ಕಳಿಸಿದ ವಿವರಣೆ ಮತ್ತು ಒಂದು ಸ್ಕೆಚ್ ನೋಡಿ ಮರದ ಅಚ್ಚಿನ ಚಿತ್ರ ಮಾಡಿದ. ಚರ್ಮ ಥೇಟ್ ಯುದ್ಧದ ಕವಚ! ಬೆನ್ನ ಮೇಲೆ ಇಲ್ಲದ ಒಂದು ಪುಟ್ಟ ಕೊಂಬು ಬೇರೆ.

ಕಲೆಯಾಗಿ ಅದ್ಭುತ, ಅನುಮಾನವೇ ಇಲ್ಲ. ಆದರೆ ಯುರೋಪಿನವರು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ನಕಲು ಮಾಡಿದರು, ಆ ಕೊಂಬಿನ ಸಮೇತ. ಸೀನಿಯರ್ ರೆಕಾರ್ಡಿನ ತಪ್ಪು ಜೂನಿಯರ್ ರೆಕಾರ್ಡಿಗೆ ಇಳಿಯೋದೂ ಹೀಗೇ ಅಲ್ವಾ?

3/5
ಈಗ ನೋಡಿ ಬರೆದವರ ಕಥೆ. ಮರಿಯಾ ಸಿಬಿಲ್ಲಾ ಮೇರಿಯನ್ 1699ರಲ್ಲಿ, 52ನೇ ವಯಸ್ಸಿನಲ್ಲಿ, ಕಿರಿ ಮಗಳ ಜೊತೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೊರಟರು. ಹುಳುಗಳು ಕೆಸರಿನಿಂದ ತಾವೇ ಹುಟ್ಟುತ್ತವೆ ಅಂತ ಇನ್ನೂ ಎಷ್ಟೋ ಜನ ನಂಬಿದ್ದ ಕಾಲ ಅದು. ಈಕೆ ಕಂಬಳಿಹುಳುಗಳನ್ನು ಸಾಕಿ, ಹುಳು, ಕೋಶ, ಚಿಟ್ಟೆ, ಅದು ತಿನ್ನುವ ಗಿಡ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದರು. ಪುಸ್ತಕ ಬಂದಿದ್ದು 1705ರಲ್ಲಿ.

ಅದರಲ್ಲಿ ಪುಟ್ಟ ಹಕ್ಕಿಯನ್ನು ತಿನ್ನುತ್ತಿರುವ ದೊಡ್ಡ ಜೇಡದ ಚಿತ್ರ ಇದೆ. ಇದೆಲ್ಲ ಕಟ್ಟುಕಥೆ ಅಂತ ಆಮೇಲೆ ಬಂದ ಕೆಲವರು ಹೀಗಳೆದರು. 1863ರ ತನ್ನ ಪುಸ್ತಕದಲ್ಲಿ ಹೆನ್ರಿ ಬೇಟ್ಸ್, ಹಕ್ಕಿಯನ್ನು ಹಿಡಿದ ಜೇಡವನ್ನು ಅಮೆಜಾನ್ ಕಾಡಲ್ಲಿ ತಾನೇ ಕಂಡೆ ಅಂತ ಬರೆದ. ಮೇರಿಯನ್ ಮಾತಿಗೆ ಬೆಲೆ ಬರೋಕೆ ನೂರೈವತ್ತು ವರ್ಷ ಬೇಕಾಯ್ತು.

4/5
ನಮ್ಮ ಕಡೆಗೂ ಬರೋಣ. ಮಲಬಾರಿನ ಗಿಡಗಳ ಮೇಲಿನ 'ಹಾರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾಯ್ತು. ಲಿನೇಯಸ್ ಹೆಸರಿಟ್ಟ ಕೆಲವು ಗಿಡಗಳಿಗೆ ಇವತ್ತಿಗೂ ಅಧಿಕೃತ ಮಾದರಿ ಅಂದ್ರೆ ಅದರಲ್ಲಿರೋ ಚಿತ್ರವೇ. ಚಿತ್ರಾನೇ ಸಾಕ್ಷಿ!

1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಸ್ಕಾಟಿಷ್ ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನ್ ಅಲ್ಲಿನ ಗಿಡಗಳನ್ನು ಒಬ್ಬ ಮರಾಠಿ ಕಲಾವಿದನಿಂದ ಬರೆಸಿದ. ಆ ಚಿತ್ರಗಳು ಈಗ ಎಡಿನ್‌ಬರೋದಲ್ಲಿವೆ. ಡಾಕ್ಟರ್ ಹೆಸರು ಉಳಿಯಿತು, ಕಲಾವಿದನ ಹೆಸರು ಉಳಿಯಲಿಲ್ಲ. ಮದ್ರಾಸಿನ ರಾಬರ್ಟ್ ವೈಟ್ ಮಾತ್ರ ತನ್ನ ಚಿತ್ರಗಾರ ಗೋವಿಂದು ಹೆಸರಲ್ಲಿ ಆರ್ಕಿಡ್‌ಗಳ ಒಂದು ಕುಲಕ್ಕೇ 'ಗೋವಿಂದೂಯ' ಅಂತ ಹೆಸರಿಟ್ಟ. ಅಂಥವರು ಅಪರೂಪ. ಗಿಡವನ್ನು ಅಷ್ಟು ಹತ್ತಿರದಿಂದ ನೋಡಿದ ಕಣ್ಣು ಯಾರದು ಅಂತ ಹೇಳದಿದ್ರೆ ಅದು ಅನ್ಯಾಯ ಅಂತಾನೇ ನನ್ನ ಭಾವನೆ.

5/5
ಫೋಟೋ ಬೇಡ ಅಂತ ಹೇಳ್ತಿಲ್ಲ. ಆದರೆ ಫೋಟೋದಲ್ಲಿರೋದು ಒಂದು ಗಿಡ, ಒಂದು ಕ್ಷಣ; ಅದರಲ್ಲೂ ಅರ್ಧ ಎಲೆ ನೆರಳಲ್ಲಿ. ಚಿತ್ರದಲ್ಲಿ ಎಲೆಯ ಎರಡೂ ಮೈ, ಮೊಗ್ಗು, ಹೂವು, ಕಾಯಿ, ಕೊಯ್ದ ಅಂಡಾಶಯ ಎಲ್ಲಾನೂ ಅಳತೆ ಸಮೇತ ಪಕ್ಕಪಕ್ಕ ಇಡಬಹುದು. ಇನ್ನೊಂದು ಮಾತು: ದಾಸವಾಳದ ಅಂಡಾಶಯವನ್ನು ಅಡ್ಡ ಕೊಯ್ದು ಬರೆಯೋವಾಗ ಕೋಣೆಗಳನ್ನ ಎಣಿಸಲೇಬೇಕು. ಐದು! ಫೋಟೋ ಹೊಡೆಯೋಕೆ ಎಣಿಸಬೇಕಾಗಿಲ್ಲ. ಎಐಗೆ ಎದುರಿಗೆ ಹೂವೇ ಬೇಕಾಗಿಲ್ಲ, ಡ್ಯೂರರ್‌ಗೆ ಘೇಂಡಾಮೃಗ ಬೇಕಾಗದೇ ಇದ್ದ ಹಾಗೆ.

ಮೇಷ್ಟ್ರುಗಳಿಗೂ, ಮೇಡಂಗಳಿಗೂ ಒಂದು ವಿನಂತಿ: ಶೇಡಿಂಗ್ ಚೆಂದಕ್ಕೆ ಮಾರ್ಕ್ಸ್ ಕೊಡಬೇಡಿ, ನೋಡಿದ್ದನ್ನ ಬರೆದಿದ್ದಕ್ಕೆ ಕೊಡಿ. ಎಲೆಗೆ ಹುಳ ತೂತು ಮಾಡಿದ್ರೆ ಆ ತೂತೂ ಚಿತ್ರದಲ್ಲಿರಲಿ.

ನೀವು? ಈ ವಾರ ಮನೆ ಹತ್ತಿರದ ಒಂದೇ ಒಂದು ಎಲೆ. ಹದಿನೈದು ನಿಮಿಷ ಫೋನ್ ಪಕ್ಕಕ್ಕಿಟ್ಟು ಬರೀರಿ. ಸೊಟ್ಟಗಿದ್ರೂ ಪರವಾಗಿಲ್ಲ, ಕೆಳಗೆ ತಾರೀಕು, ಜಾಗ, ನಿಮ್ಮ ಹೆಸರು ಹಾಕಿ. ಹೆಸರು ಮರೀಬೇಡಿ ಮತ್ತೆ! ಟ್ಯಾಗ್ ಮಾಡಿದ್ರೆ ಸ್ಟೋರಿಗೆ ಹಾಕ್ತೀನಿ.

#ನೋಡಿಬರೆ #ನಿಸರ್ಗಚಿತ್ರ #ರೆಕಾರ್ಡ್‌ಬುಕ್