ರೆಕ್ಕೆ ಬೇಡ, ಮೊಣಕಾಲಿಗೆ ಕವಚ ಕೊಡಿಸಿ

ಪ್ರತಿ ವರ್ಷ ಮಾರ್ಚ್ 8 ಬಂತೆಂದರೆ ನಮ್ಮೂರಿನ ಸಭಾಭವನಗಳಲ್ಲಿ ಹೆಣ್ಣುಮಕ್ಕಳಿಗೆ ರೆಕ್ಕೆ ಹಂಚುವ ಕಾರ್ಯಕ್ರಮ ನಡೆಯುತ್ತದೆ. ಹಾರಿ, ಆಕಾಶವೇ ನಿಮ್ಮದು ಎಂದು ಭಾಷಣ ಮಾಡಿದವರು ಶಾಲು ಹೊದೆಸಿಕೊಂಡು ಮನೆಗೆ ಹೋಗುತ್ತಾರೆ. ಅಂಥ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ ನಮ್ಮ ಬಂಧುಗಳೇ, ನನ್ನ ತಂಗಿಯ ಮಗಳು ಡರ್ಟ್ ಬೈಕಿನಲ್ಲಿ ಮಣ್ಣುದಿಬ್ಬ ಹಾರುವುದನ್ನು ಕಲಿಯುತ್ತೇನೆ ಎಂದಾಗ ಸಾವಿನ ಸುದ್ದಿ ಕೇಳಿದವರಂತೆ ಕೂತುಬಿಟ್ಟರು. ಇಡೀ ಆಕಾಶವನ್ನೇ ಬರೆದುಕೊಟ್ಟವರಿಗೆ ನೆಲದಿಂದ ನಾಲ್ಕಡಿ ಬಿಟ್ಟುಕೊಡುವುದು ಇಷ್ಟು ಕಷ್ಟವೇ?

ಹುಡುಗಿಗೆ ಇಪ್ಪತ್ತು ತುಂಬಿದೆ, ಲೈಸೆನ್ಸ್ ಇದೆ. ಕಲಿಯಲು ಹೋಗುವುದು ಬೆಂಗಳೂರಿನಾಚೆಯ ಒಂದು ಬೇಲಿ ಹಾಕಿದ ಮೈದಾನಕ್ಕೆ. ನಾನೂ ಮೂರು ಭಾನುವಾರ ಅವಳ ಜೊತೆ ಹೋಗಿ, ಛತ್ರಿ ಹಿಡಿದು ಬೇಲಿಯಾಚೆ ನಿಂತು ನೋಡಿ ಬಂದಿದ್ದೇನೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ "ಓದಿಕೊಂಡು ಬಂದು ಮಾತಾಡಿ" ಎಂದವಳು ನೋಡದೆ ವಾದಕ್ಕಿಳಿಯುವುದು ಸರಿಯಲ್ಲ.

ಮೊದಲ ಭಾನುವಾರ ಅಲ್ಲಿ ಯಾರೂ ಹಾರಲೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ನಿಲ್ಲುವುದನ್ನೇ ಕಲಿಸಿದರು. ಸೀಟಿನ ಮೇಲೆ ಕೂರದೆ, ಕಾಲಿಡುವ ಕಬ್ಬಿಣದ ಪಟ್ಟಿಯ ಮೇಲೆ ಪಾದದ ಮುಂಭಾಗ ಊರಿ ನಿಲ್ಲಬೇಕು. ಮೊಣಕಾಲುಗಳಿಂದ ಗಾಡಿಯನ್ನು ಅವಚಿ ಹಿಡಿಯಬೇಕು, ಮೊಣಕೈ ಹೊರಚಾಚಿರಬೇಕು, ಕಣ್ಣು ಮುಂದಿನ ಚಕ್ರದ ಮೇಲಲ್ಲ, ದೂರದ ಹಾದಿಯ ಮೇಲಿರಬೇಕು. ಹ್ಯಾಂಡಲ್ಲಿಗೆ ಜೋತುಬಿದ್ದವರಿಗೆ ಬೈಗುಳ. ಆಮೇಲೆ ಬ್ರೇಕು, ತಿರುವು. ಎರಡನೆಯ ವಾರ ಮಂಡಿಯೆತ್ತರದ ಒಂದು ದಿಬ್ಬ. ಅದಕ್ಕೆ ಟೇಬಲ್‌ಟಾಪ್ ಎನ್ನುತ್ತಾರೆ. ಏರಿಗೂ ಇಳಿಜಾರಿಗೂ ನಡುವೆ ಹಳ್ಳವಿಲ್ಲ, ಮೇಜಿನಂತೆ ಮಟ್ಟಸ. ಹಾರಿದ್ದು ಸಾಲದೆ ಹೋದರೂ ಮೇಜಿನ ಮೇಲೇ ಇಳಿಯುತ್ತೀರಿ. ನಡುವೆ ಹಳ್ಳವಿರುವ ಜೋಡಿದಿಬ್ಬದ ಹತ್ತಿರ ಹೊಸಬರನ್ನು ಬಿಡುವುದೇ ಇಲ್ಲ. ಒಂದನೇ ತರಗತಿಯವರಿಗೆ ಒತ್ತಕ್ಷರ ಕೊಡದ ಹಾಗೆ.

ಹಾರುವ ಗಳಿಗೆಯದು ಇನ್ನೂ ಸ್ವಾರಸ್ಯ. ಏರಿನ ಮೇಲೆ ಆಕ್ಸಿಲರೇಟರನ್ನು ಒಂದೇ ಸಮನೆ ಹಿಡಿದು ತುದಿ ದಾಟಬೇಕು. ಹೆದರಿಕೊಂಡು ತುದಿಯಲ್ಲಿ ಬಿಟ್ಟಿರೋ, ಗಾಡಿಯ ಮೂಗು ಕೆಳಗೆ. ಮೈ ಸೆಟೆದುಕೊಂಡಿದ್ದರೆ ಹಿಂದಿನ ಸ್ಪ್ರಿಂಗು ಒದ್ದು ಸವಾರಳನ್ನೇ ಹ್ಯಾಂಡಲ್ಲಿನ ಮೇಲಿಂದ ಎಸೆಯಬಹುದು. ಗಾಳಿಯಲ್ಲಿರುವಾಗಲೂ ತಿದ್ದಿಕೊಳ್ಳಬಹುದಂತೆ. ಆಕ್ಸಿಲರೇಟರ್ ಕೊಟ್ಟರೆ ಮೂಗು ಏಳುತ್ತದೆ. ಕ್ಲಚ್ ಹಿಡಿದು ಹಿಂದಿನ ಬ್ರೇಕ್ ತಟ್ಟಿದರೆ ಇಳಿಯುತ್ತದೆ. ಬಿ.ಎ.ಯಲ್ಲಿ ಇತಿಹಾಸ ಓದಿದ ನಾನು ಇದನ್ನು ನಂಬಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಬೋರ್ಡಿನ ಮೇಲೆ ಬರೆದು ತೋರಿಸಿದರು: ಗಾಳಿಯಲ್ಲಿ ಹಿಂದಿನ ಚಕ್ರದ ವೇಗ ಹೆಚ್ಚಿಸಿದರೆ ಗಾಡಿಯ ಒಡಲು ಅದಕ್ಕೆ ಎದುರು ದಿಕ್ಕಿಗೆ ತಿರುಗುತ್ತದೆ, ಚಕ್ರವನ್ನು ತಡೆದರೆ ಚಕ್ರ ಉರುಳುತ್ತಿದ್ದ ದಿಕ್ಕಿಗೇ ಬಾಗುತ್ತದೆ. ಇಳಿಯುವಾಗ ಮೊಣಕಾಲು, ಮೊಣಕೈ ಬಾಗಿಸಿ ಪೆಟ್ಟನ್ನು ಮೈ ನುಂಗಿಕೊಳ್ಳಬೇಕು.

ಈಗ ಹೇಳಿ ತಾಯಂದಿರೇ, ನಾವು ನಮ್ಮ ಹುಡುಗಿಯರಿಗೆ ಹುಟ್ಟಿದಾಗಿನಿಂದ ಕಲಿಸಿರುವುದೇನು? ಗಟ್ಟಿಯಾಗಿ ಹಿಡಿದುಕೋ, ತಲೆ ತಗ್ಗಿಸಿ ನೋಡು, ಮೈ ಮುದುಡಿಕೋ, ಭಯವಾದರೆ ಅಲ್ಲಿಗೇ ಬಿಟ್ಟುಬಿಡು. ದಿಬ್ಬದ ಮೇಲೆ ಬೀಳಿಸುವುದು ಈ ನಾಲ್ಕೇ. ನಮ್ಮ ತಂಗಿ ಬೇಲಿಯ ಪಕ್ಕ ನಿಂತು "ನಿಧಾನ ಕಣೇ, ನಿಧಾನ!" ಎಂದು ಕೂಗುತ್ತಿದ್ದಳು. ಕೊನೆಗೆ ಕಲಿಸುವವರೇ ಬಂದು "ಅಮ್ಮಾ, ದಯವಿಟ್ಟು ಚಹಾ ಕುಡಿದು ಬನ್ನಿ" ಎಂದು ಕಳಿಸಿದರು.

ಆಕ್ಷೇಪಣೆಗಳಲ್ಲಿ ಮೊದಲನೆಯದನ್ನು ಪಿಸುಗುಟ್ಟಿಯೇ ಹೇಳಿದರು. ಹುಡುಗಿ ಹಾರಿದರೆ ಗರ್ಭಕೋಶ ಜಾರುತ್ತದಂತೆ. ಇದು ನಮ್ಮ ಅಜ್ಜಿಯರ ಮಾತೆಂದು ನಗಬೇಡಿ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಅಧ್ಯಕ್ಷರಾಗಿದ್ದ ಸ್ವಿಟ್ಜರ್ಲೆಂಡಿನ ಜಾನ್ ಫ್ರಾಂಕೋ ಕಾಸ್ಪರ್, ಸ್ಕೀ ಕಟ್ಟಿಕೊಂಡು ಹಾರುವ ಆಟ ವೈದ್ಯಕೀಯವಾಗಿ ಹೆಂಗಸರಿಗೆ ತಕ್ಕದ್ದಲ್ಲವೆಂಬ ಅರ್ಥದ ಮಾತನ್ನು 2005ರಲ್ಲಿ ಆಡಿದ್ದರು. ಗಂಡಸರು 1924ರಿಂದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಾರುತ್ತಿದ್ದರೆ ಹೆಂಗಸರಿಗೆ ಆ ಬಾಗಿಲು ತೆರೆದದ್ದು 2014ರ ಸೋಚಿಯಲ್ಲಿ. ತೊಂಬತ್ತು ವರ್ಷ! ನಮ್ಮ ಕಡೆ ತುಂಬಿದ ಕೊಡವನ್ನು ಸೊಂಟದ ಮೇಲೊಂದು, ತಲೆಯ ಮೇಲೊಂದು ಹೊತ್ತು ಮೈಲಿಗಟ್ಟಲೆ ನಡೆದ ಹೆಂಗಸರ ಗರ್ಭಕೋಶದ ಬಗ್ಗೆ ಮಾತ್ರ ಯಾರೂ ಸಭೆ ಸೇರಿಸಲಿಲ್ಲ.

ಎರಡನೆಯದು ಬೀಳುವ ಮಾತು. ಇದು ಸುಳ್ಳಲ್ಲ, ಬೀಳುತ್ತಾರೆ. ಡಕಾರ್ ರ‍್ಯಾಲಿಯನ್ನು 2015ರಲ್ಲಿ ಪೂರೈಸಿ, ಹಾಗೆ ಪೂರೈಸಿದ ಮೊದಲ ಭಾರತೀಯರೆನಿಸಿದ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರೇ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡರು. ಬೆಂಗಳೂರಿನ ಹುಡುಗಿ ಐಶ್ವರ್ಯ ಪಿಸ್ಸೆ 2018ರಲ್ಲಿ ಸ್ಪೇನಿನ ಸ್ಪರ್ಧೆಯಲ್ಲಿ ಬಿದ್ದು ಗಂಭೀರವಾಗಿ ಗಾಯಗೊಂಡವರು. ಮರುವರ್ಷ, 2019ರಲ್ಲಿ, ಅದೇ ಬಾಹಾ ಸ್ಪರ್ಧೆಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದರು. ಅಪಾಯವಿಲ್ಲವೆಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ನಮ್ಮವರ ಚಿಂತೆ ಮೂಳೆಯದಲ್ಲ. "ಮುಖಕ್ಕೆ ಗಾಯವಾದರೆ ನಾಳೆ ಗಂಡು ಯಾರು ಕೊಡುತ್ತಾರೆ?" ಅಂದರೆ ಕಾಪಾಡಬೇಕಾದದ್ದು ಹುಡುಗಿಯನ್ನಲ್ಲ, ಫೋಟೋವನ್ನು.

ಅವಳ ಅಣ್ಣನ ವಿಷಯಕ್ಕೆ ಬನ್ನಿ. ಅವನಿಗೆ ಹದಿನಾರಕ್ಕೇ ಅಪ್ಪ ಗೇರಿನ ಬೈಕು ಕೊಡಿಸಿದ. ಅದು ಕಾನೂನಿಗೆ ವಿರುದ್ಧ. 2019ರ ತಿದ್ದುಪಡಿಯ ಪ್ರಕಾರ ವಯಸ್ಸಾಗದ ಮಗನ ಕೈಗೆ ಹಾಗೆ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮಗರಾಯ ಈಗಲೂ ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿಕೊಂಡು, ಶಾಲೆ ಬಿಡುವ ಹೊತ್ತಿಗೆ ಮುಂದಿನ ಚಕ್ರ ಎತ್ತಿ ಓಡಿಸುತ್ತಾನೆ. ಮನೆಯವರು "ವಯಸ್ಸು, ಏನು ಮಾಡೋದು" ಎಂದು ಒಳಗೊಳಗೇ ಹಿಗ್ಗುತ್ತಾರೆ. ತಂಗಿಯಾದರೋ ಹೆಲ್ಮೆಟ್ಟು, ಕನ್ನಡಕ, ಎದೆಗವಚ, ಮೊಣಕಾಲು ಕವಚ, ಮಂಡಿಯವರೆಗಿನ ಬೂಟು ತೊಟ್ಟು, ಯಾರ ಮಕ್ಕಳೂ ಅಡ್ಡ ಬಾರದ ಮೈದಾನದಲ್ಲಿ, ಗುರುವಿನ ಕಣ್ಣೆದುರು ಮಂಡಿಯೆತ್ತರದ ದಿಬ್ಬ ಹಾರುತ್ತಾಳೆ. ಅಪಾಯ ಯಾರದು? ಬೀದಿಯಲ್ಲಿ ಮಕ್ಕಳನ್ನು ಕೈಹಿಡಿದು ದಾಟಿಸುವ ನನ್ನನ್ನು ಕೇಳಿ, ಹೇಳುತ್ತೇನೆ.

ಇವರಿಗಿಂತ ನನಗೆ ಸಿಟ್ಟು ತರಿಸುವವರು ಬೆನ್ನುತಟ್ಟುವ ಉತ್ಸಾಹಿಗಳು. "ಧೈರ್ಯ ಒಂದಿದ್ದರೆ ಸಾಕು ಪುಟ್ಟಿ, ವಿಡಿಯೋ ನೋಡಿ ಕಲಿತುಬಿಡು" ಎಂದು ನೆಂಟರೊಬ್ಬರು ಹೇಳಿದರು. ಧೈರ್ಯ ಸಾಲದು ಸ್ವಾಮಿ. ಮೋಟೋಕ್ರಾಸ್ ಗಾಡಿಯ ಸ್ಪ್ರಿಂಗು ಸುಮಾರು 300 ಮಿಲಿಮೀಟರ್ ಕುಗ್ಗಿ ಪೆಟ್ಟು ತಾಳಿಕೊಳ್ಳುತ್ತದೆ. ಪೇಟೆಯ ಬೈಕಿಗೆ ಅದರ ಅರ್ಧವೂ ಇರುವುದಿಲ್ಲ. ಧೈರ್ಯದಿಂದ ಅದನ್ನು ಹಾರಿಸಿದರೆ ಮುರಿಯುವುದು ಗಾಡಿಯೊಂದೇ ಅಲ್ಲ, ಬೆನ್ನುಮೂಳೆ ಕೂಡ. ಚಪ್ಪಾಳೆ ಪುಕ್ಕಟೆ, ಬೂಟಿಗೆ ದುಡ್ಡು ಬೇಕು. ಆದ್ದರಿಂದಲೇ ಎಲ್ಲರೂ ಚಪ್ಪಾಳೆ ಕೊಡುತ್ತಾರೆ.

ಮುಂದಿನ ತಿಂಗಳು ಅವಳಿಗೆ ಸ್ವಲ್ಪ ಎತ್ತರದ ದಿಬ್ಬ. ಈಗ ತೊಡುತ್ತಿರುವ ಕವಚಗಳೆಲ್ಲ ಎರವಲು, ಗಂಡಸರ ಅಳತೆಯವು. ಮೊಣಕಾಲಿನದು ಜಾರಿ ಪಾದಕ್ಕೆ ಬರುತ್ತದೆ, ಕುತ್ತಿಗೆಗೆ ಹಾಕುವ ಪಟ್ಟಿ ಇಲ್ಲವೇ ಇಲ್ಲ. ಅರ್ಧ ದುಡ್ಡು ನಾನು ಕೊಡುತ್ತೇನೆಂದು ಭಾವನಿಗೆ ಹೇಳಿದ್ದೇನೆ. "ಈ ವರ್ಷ ಕೈ ಬಿಗಿ ಅಕ್ಕಾ" ಎಂದರು. ಅಂಗಳದಲ್ಲಿ ಅವರ ಮಗ ಬೈಕಿಗೆ ಹೊಸ ಸೈಲೆನ್ಸರ್ ಕೂರಿಸುತ್ತಿದ್ದ. ಅದರ ಬಿಲ್ಲು ತೋರಿಸಿ ಎಂದು ಕೇಳಿದ್ದೇನೆ, ಇನ್ನೂ ತೋರಿಸಿಲ್ಲ.