ಆಲೋಚನೆಯ ಪರವಾಗಿ

ಆಲೋಚನೆ ನಿಂತರೆ ಸಾಕು, ಅದೇ ಧ್ಯಾನ, ನಮ್ಮ ಋಷಿಗಳು ಹೇಳಿದ್ದೂ ಅಷ್ಟೇ ಎಂಬ ಮಾತು ಈಗ ಯೋಗ ಶಿಬಿರದಿಂದ ಮೊಬೈಲ್ ಆ್ಯಪ್‌ವರೆಗೆ ಎಲ್ಲೆಡೆ ಕೇಳಿಬರುತ್ತದೆ. ನಮ್ಮ ದರ್ಶನಗಳಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಅವು ಮನಸ್ಸನ್ನು ಕಂಡದ್ದು ಅಂತಃಕರಣವೆಂದು, ತಿಳಿಯುವುದಕ್ಕೆ ನಮಗಿರುವ ಒಳಗಿನ ಸಾಧನವೆಂದು.

ನ್ಯಾಯದರ್ಶನದ ನೈಯಾಯಿಕರನ್ನೇ ನೋಡಿ. ಅವರಿಗೆ ಮನಸ್ಸು ಅಣುಮಾತ್ರದ್ದು; ಒಂದು ಕ್ಷಣಕ್ಕೆ ಒಂದೇ ಇಂದ್ರಿಯವನ್ನು ಕೂಡಬಲ್ಲದು. ಆದ್ದರಿಂದ ಎರಡು ಜ್ಞಾನಗಳು ಒಟ್ಟಿಗೆ ಹುಟ್ಟವು. ಇದಕ್ಕೆ ಬಂದ ಆಕ್ಷೇಪ ಬಲು ಸೊಗಸಾದದ್ದು: ಉದ್ದನೆಯ ಚಕ್ಕುಲಿಯನ್ನು ಕಡಿಯುವಾಗ ಬಣ್ಣ, ಘಮ, ರುಚಿ, ಸ್ಪರ್ಶ, ಕಟಕಟ ಸದ್ದು ಐದೂ ಒಮ್ಮೆಗೇ ತಿಳಿಯುವುದಿಲ್ಲವೆ? ಇಲ್ಲ ಎನ್ನುತ್ತಾರೆ ಅವರು. ಪೇರಿಸಿಟ್ಟ ನೂರು ತಾವರೆ ಎಸಳಿಗೆ ಸೂಜಿ ಚುಚ್ಚಿದರೆ ಎಲ್ಲವೂ ಒಟ್ಟಿಗೆ ತೂತಾದಂತೆ ತೋರುತ್ತದೆ. ತೂತಾಗುವುದು ಮಾತ್ರ ಒಂದಾದ ಮೇಲೊಂದು. ಈ ಉತ್ತರಕ್ಕೆ ನನ್ನ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ತಿಂಡಿಯ ಒಂದು ಕಡಿತವನ್ನೂ ಇಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡಿದವರು ಆಲೋಚನೆಯನ್ನು ಹಗೆಯೆಂದು ಬಗೆದಾರೆ?

ಪತಂಜಲಿ ಚಿತ್ತವೃತ್ತಿಗಳ, ಎಂದರೆ ಮನಸ್ಸಿನ ವ್ಯಾಪಾರಗಳ, ನಿರೋಧವನ್ನೇ ಯೋಗವೆಂದದ್ದು ನಿಜ. ಆದರೆ ಅವನು ಎಣಿಸಿದ ಐದು ವೃತ್ತಿಗಳಲ್ಲಿ ನಿದ್ರೆಯೂ ಒಂದು. ಮಂಕು ಕವಿದು ಕೂರುವುದು ಅವನ ಯೋಗವಾಗದು. ಪುರುಷ ಬೇರೆ, ಪ್ರಕೃತಿ ಬೇರೆ ಎಂಬ ವಿವೇಕಖ್ಯಾತಿ ಮೂಡುವುದೂ ಅದೇ ಚಿತ್ತದಲ್ಲಿ.

ಶಂಕರರದು ಇನ್ನೂ ನೇರ ನುಡಿ. ವೃತ್ತಿನಿರೋಧವನ್ನು ಮೋಕ್ಷಕ್ಕೆ ಬೇರೆಯದೇ ಸಾಧನವೆಂದು ಬೃಹದಾರಣ್ಯಕ ಭಾಷ್ಯ ಒಪ್ಪುವುದಿಲ್ಲ. ಗಾಢನಿದ್ರೆಯಲ್ಲಿ ಮನಸ್ಸು ದಿನವೂ ಲಯವಾಗುತ್ತದೆ. ಎದ್ದವನ ಅಜ್ಞಾನ ಇದ್ದ ಹಾಗೇ ಇರುತ್ತದೆ. ಅದನ್ನು ಕಳೆಯುವುದು ಉಪನಿಷತ್ತಿನ ಮಹಾವಾಕ್ಯದಿಂದ ಹುಟ್ಟುವ ತಿಳಿವು. ಆ ತಿಳಿವೂ ಬುದ್ಧಿಯ ವೃತ್ತಿಯೇ!

ನಾನು ಗೌರವದಿಂದ ಎದುರಿಸಬೇಕಾದ ವಾದ ಶೃಂಗೇರಿಯ ವಿದ್ಯಾರಣ್ಯರದು. ತಿಳಿದ ಮಾತ್ರಕ್ಕೆ ಶಾಂತಿ ನೆಲೆಸದು, ವಾಸನಾಕ್ಷಯವೂ (ಹಳೆಯ ಸಂಸ್ಕಾರಗಳ ಸವೆತ) ಮನೋನಾಶವೂ (ಮನಸ್ಸಿನ ಅಡಗುವಿಕೆ) ಬೇಕು ಎಂದು 14ನೇ ಶತಮಾನದ ಅವರ ಜೀವನ್ಮುಕ್ತಿವಿವೇಕ ವಾದಿಸುತ್ತದೆ. ಅವರು ಕೊಡುವ ನಿದರ್ಶನ ಸಾಕ್ಷಾತ್ ಯಾಜ್ಞವಲ್ಕ್ಯ: ಬ್ರಹ್ಮವನ್ನು ಬಲ್ಲವನು, ಆದರೂ ಜನಕನ ಸಭೆಯಲ್ಲಿ ವಿದ್ಯಾಮದ, ಗೋವುಗಳ ಆಸೆ, ವಾದಕ್ಕಿಳಿದ ಶಾಕಲ್ಯನ ಮೇಲೆ ಶಾಪ. ಓದಿ ಬಲ್ಲವರ ಸಿಟ್ಟುಸೆಡವುಗಳನ್ನು ಕಂಡ ಯಾರೂ ಈ ಮಾತನ್ನು ತಳ್ಳಿಹಾಕಲಾರರು. ಆದರೆ ವಿದ್ಯಾರಣ್ಯರು ಮನೋನಾಶವೊಂದನ್ನೇ ಹೇಳಿ ಸುಮ್ಮನಾಗಲಿಲ್ಲ. ತತ್ತ್ವಜ್ಞಾನವನ್ನೂ ಸೇರಿಸಿ ಮೂರನ್ನೂ ಜೊತೆಜೊತೆಗೆ ಅಭ್ಯಾಸ ಮಾಡಬೇಕೆಂದರು. ಆ ತತ್ತ್ವಜ್ಞಾನಕ್ಕೋ ಶ್ರವಣ ಬೇಕು, ತರ್ಕ ಹೂಡಿ ಮಾಡುವ ಮನನ ಬೇಕು.