ಸಾರಿ ಹೇಳುವುದು, ಸಾರಿ ಕೇಳುವುದು

ಈ ಸಂಚಿಕೆಗೆ ಬಂದ ಅನುವಾದಿತ ಕಥೆಯ ಒಂದು ಸಾಲು ನಮ್ಮನ್ನು ಮೂರು ದಿನ ತಡೆದು ನಿಲ್ಲಿಸಿತು. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿನ ಮನೆಗೆ ಪಕ್ಕದ ಮನೆಯವನು ಬರುತ್ತಾನೆ. ಹೊಸ್ತಿಲಲ್ಲೇ ನಿಂತು, ತಲೆ ತಗ್ಗಿಸಿ, ‘ನನ್ನನ್ನು ಕ್ಷಮಿಸಿ’ ಎನ್ನುತ್ತಾನೆ. ಹಸ್ತಪ್ರತಿ ಓದಿದ ನಮ್ಮ ಬಳಗದ ಇಬ್ಬರೂ ಅಲ್ಲಿಂದಾಚೆಗೆ ಇಡೀ ಕಥೆಯನ್ನು ಅನುಮಾನದಿಂದಲೇ ಓದಿದರು. ಆ ಸಾವಿನಲ್ಲಿ ಇವನ ಕೈಯೂ ಇದೆಯೆ? ಮೂಲ ತೆಗೆದು ನೋಡಿದರೆ ಅಲ್ಲಿದ್ದದ್ದು ‘ಐ ಆ್ಯಮ್ ಸಾರಿ’. ಅವನು ಯಾವ ತಪ್ಪೂ ಮಾಡಿರಲಿಲ್ಲ, ಅವಳ ದುಃಖದಲ್ಲಿ ಜೊತೆಯಾಗಲು ಬಂದಿದ್ದ.

ಅನುವಾದಕರನ್ನು ದೂರುವಂತಿಲ್ಲ. ನಾವು ದಿನಕ್ಕೆ ಹತ್ತು ಸಲ ಆಡುವ ಈ ಪುಟ್ಟ ಪದ ಇಂಗ್ಲಿಷಿನಲ್ಲಿ ಅಷ್ಟು ಬಗೆಯ ಕೆಲಸ ಮಾಡುತ್ತದೆ. ಕಾಲು ತುಳಿದರೆ ಸಾರಿ. ಮಾತು ಕೇಳಿಸದಿದ್ದರೆ ದನಿಯನ್ನು ಕೊಂಚ ಮೇಲೆತ್ತಿ ಅದೇ ಸಾರಿ. ಕೇಳಿದ ಅಳತೆಯ ಚಪ್ಪಲಿ ಅಂಗಡಿಯಲ್ಲಿಲ್ಲ, ಸಾರಿ. ಅಮ್ಮ ತೀರಿಕೊಂಡರೆಂದು ಗೆಳೆಯ ಹೇಳಿದರೂ ಸಾರಿ. ತುಳಿದವನೂ ಅಳುವವನ ಪಕ್ಕದಲ್ಲಿ ಕೂತವನೂ ಒಂದೇ ಪದವನ್ನು ಹಿಡಿದಿರುತ್ತಾರೆ.

ಇದರ ಬೇರು ನೋಡಿದರೆ ಅಚ್ಚರಿ ಕಡಿಮೆಯಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಸಾರ್’ ಎಂದರೆ ನೋವು, ಹುಣ್ಣು. ಇಂದಿನ ‘ಸೋರ್’ ಅದೇ ಪದ. ಅದರಿಂದ ಹುಟ್ಟಿದ ‘ಸಾರಿಗ್’ ಎಂದರೆ ನೋವು ತುಂಬಿದವನು. ದುಃಖ ಎನ್ನುವ ‘ಸಾರೋ’ ಬೇರೆ ಬೇರಿನದು. ರೂಪ, ಅರ್ಥ ಎರಡೂ ಹತ್ತಿರವಾದ್ದರಿಂದ ಕಾಲಾಂತರದಲ್ಲಿ ಇವೆರಡೂ ನೆಂಟರಂತೆ ಕಾಣತೊಡಗಿದವು. ಅಂದರೆ ಮೂಲದಲ್ಲಿ ಈ ಪದ ತಪ್ಪಿನ ಮಾತನ್ನೇ ಎತ್ತುವುದಿಲ್ಲ. ನನಗೆ ನೋವಾಗಿದೆ, ಅಷ್ಟೆ. ಅದರ ಹಿರಿಯ ಸಮಾನಾರ್ಥಕ ‘ಅಪಾಲಜಿ’ಯ ಕಥೆಯಂತೂ ಇನ್ನೂ ದೂರದ್ದು. ಗ್ರೀಕಿನಲ್ಲಿ ಅದು ನ್ಯಾಯಸ್ಥಾನದ ಮುಂದೆ ಆರೋಪಿ ತನ್ನ ಪರವಾಗಿ ಆಡುವ ಮಾತು. ಪ್ಲೇಟೊ ಬರೆದ ‘ಅಪಾಲಜಿ’ಯಲ್ಲಿ ಸಾಕ್ರೆಟಿಸ್ ಯಾರ ಕ್ಷಮೆಯನ್ನೂ ಬೇಡುವುದಿಲ್ಲ.

ನೋವು, ತಪ್ಪು ಎರಡನ್ನೂ ಒಂದೇ ಪದ ಹೊತ್ತಾಗ ಅಧಿಕಾರದಲ್ಲಿರುವವರಿಗೆ ನಡುವೆ ನುಸುಳಲು ಜಾಗ ಸಿಗುತ್ತದೆ. 2001ರ ಏಪ್ರಿಲ್ 1ರಂದು ಚೀನಾದ ಹೈನಾನ್ ದ್ವೀಪದ ಬಳಿ ಅಮೆರಿಕದ ಬೇಹು ವಿಮಾನಕ್ಕೂ ಚೀನಾದ ಯುದ್ಧವಿಮಾನಕ್ಕೂ ಡಿಕ್ಕಿಯಾಯಿತು. ಚೀನಾದ ಪೈಲಟ್ ಸತ್ತರು, ಅಮೆರಿಕದ 24 ಸಿಬ್ಬಂದಿ ಸೆರೆಯಾದರು. ಹನ್ನೊಂದನೆಯ ದಿನ ಅವರನ್ನು ಬಿಡಿಸಿದ್ದು ಒಂದು ಪತ್ರ. ಪೈಲಟ್ ಸತ್ತದ್ದಕ್ಕೆ ‘ವೆರಿ ಸಾರಿ’, ಅನುಮತಿಯಿಲ್ಲದೆ ಇಳಿದದ್ದಕ್ಕೆ ಇನ್ನೊಂದು ‘ವೆರಿ ಸಾರಿ’. ಚೀನಾ ತನ್ನ ಜನರಿಗೆ ಇದನ್ನು ಕ್ಷಮೆಯಾಚನೆಯೆಂದು ತೋರಿಸಿತು, ಅಮೆರಿಕ ತನ್ನ ಜನರಿಗೆ ಅಲ್ಲವೆಂದು ಹೇಳಿತು. ಪತ್ರ ಒಂದೇ.

ಆಸ್ಟ್ರೇಲಿಯಾದ್ದು ಇದಕ್ಕಿಂತ ಎದೆ ಹಿಂಡುವ ಸಂಗತಿ. ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರ ದಶಕಗಳ ಕಾಲ ತಾಯಂದಿರ ಮಡಿಲಿನಿಂದ ಕಿತ್ತು ಸಾಕುಮನೆಗಳಿಗೆ, ಮಿಷನ್‌ಗಳಿಗೆ ಒಯ್ದಿತು. 1997ರಲ್ಲಿ ತನಿಖಾ ವರದಿ ಸಂಸತ್ತಿಗೆ ಬಂತು. ಕ್ಷಮೆ ಕೇಳಬೇಕೆಂಬ ಒತ್ತಾಯವೆದ್ದಿತು. ಪ್ರಧಾನಿ ಜಾನ್ ಹೋವರ್ಡ್ 1999ರಲ್ಲಿ ಮಂಡಿಸಿದ ನಿರ್ಣಯದಲ್ಲಿ ಇದ್ದದ್ದು ‘ರಿಗ್ರೆಟ್’, ವಿಷಾದ. ‘ಸಾರಿ’ ಎಂಬ ಪದ ಅದರಲ್ಲಿರಲಿಲ್ಲ. ಕೋಶದಲ್ಲಿ ಈ ಎರಡು ಪದಗಳು ಒಂದೇ ಸಾಲಿನಲ್ಲಿ ಕೂತಿರುತ್ತವೆ, ಮಗು ಕಳೆದುಕೊಂಡ ತಾಯಿಗೆ ಅವು ಒಂದಲ್ಲ. 2000ದ ಮೇ 28ರಂದು ಸುಮಾರು ಎರಡೂವರೆ ಲಕ್ಷ ಜನ ಸಿಡ್ನಿಯ ಹಾರ್ಬರ್ ಸೇತುವೆಯ ಮೇಲೆ ನಡೆದರು. ಮೇಲೆ ವಿಮಾನವೊಂದು ಹೊಗೆಯಲ್ಲಿ ಆ ಪದವನ್ನು ಆಕಾಶದ ತುಂಬ ಬರೆಯಿತು. ಸಂಸತ್ತಿನಲ್ಲಿ ಪ್ರಧಾನಿ ಕೆವಿನ್ ರಡ್ ಅದನ್ನು ಬಾಯಿಬಿಟ್ಟು ಹೇಳಿದ್ದು 2008ರ ಫೆಬ್ರವರಿ 13ರಂದು. ಆ ಮೂಲನಿವಾಸಿಗಳ ಇಂಗ್ಲಿಷಿನಲ್ಲಿ ಸಾವಿನ ವಿಧಿಗಳಿಗೆ, ಸೂತಕಕ್ಕೆ ‘ಸಾರಿ ಬಿಸಿನೆಸ್’ ಎಂದೇ ಹೆಸರು. ಪದದ ಹಳೆಯ ನೋವನ್ನು ಅವರು ಹಾಗೇ ಉಳಿಸಿಕೊಂಡಿದ್ದಾರೆ ಎಂದು ನನಗನಿಸುತ್ತದೆ.

ನಮಗೂ ಇಂಥ ಕಾಯುವಿಕೆ ಗೊತ್ತು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬುವ ಹೊತ್ತಿಗೆ, 2019ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಪ್ರಧಾನಿ ತೆರೇಸಾ ಮೇ ತಮ್ಮ ಸಂಸತ್ತಿನಲ್ಲಿ ಆಳವಾದ ವಿಷಾದ ವ್ಯಕ್ತಪಡಿಸಿದರು. ಕ್ಷಮೆ ಕೇಳಲಿಲ್ಲ.

ಕೇಳಲಿಲ್ಲ ಎಂದು ಬರೆದೆ, ಕೈ ತಾನಾಗಿ ಬರೆಯಿತು. ಇಂಗ್ಲಿಷಿನವರು ಸಾರಿ ‘ಹೇಳು’ತ್ತಾರೆ. ನಮ್ಮ ಮನೆಗಳಲ್ಲಿ ಮಗು ಅಣ್ಣನನ್ನು ಹೊಡೆದರೆ ತಾಯಿ ಏನನ್ನುತ್ತಾಳೆ? ‘ಹೋಗು, ಅಣ್ಣನ ಹತ್ರ ಸಾರಿ ಕೇಳು.’ ಪದ ಅವರದು, ಕ್ರಿಯಾಪದ ನಮ್ಮದು. ಕ್ಷಮೆ ಕೇಳುವುದು, ಮಾಫಿ ಕೇಳುವುದು ಎಂಬ ಹಳೆಯ ಜಾಡಿಗೆ ಕನ್ನಡ ಈ ಹೊಸಬನನ್ನು ಎಳೆದುಕೊಂಡಿದೆ. ಹೇಳಿದರೆ ನನ್ನ ನೋವನ್ನು ತಿಳಿಸಿ ಹೊರಟುಬಿಡಬಹುದು. ಕೇಳಿದ ಮೇಲೆ ಎದುರಿನವರ ಉತ್ತರಕ್ಕೆ ನಿಲ್ಲಬೇಕು, ಅವರು ಕೊಡದೆಯೂ ಇರಬಹುದು. ಹಿರಿಯರ ಮುಂದೆ ‘ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ’ ಎನ್ನುವಾಗಲೂ ಹೀಗೆಯೇ. ನನ್ನ ತಪ್ಪನ್ನು ಅವರ ಒಡಲಿಗೆ ಒಪ್ಪಿಸುತ್ತಿದ್ದೇನೆ. ಹರಕೆ ಮರೆತದ್ದು ನೆನಪಾದರೆ ದೇವರಿಗೂ ತಪ್ಪುಕಾಣಿಕೆ ಕಟ್ಟಿಡುತ್ತೇವೆ, ಬರಿಗೈಯಲ್ಲಿ ಹೋಗುವುದಿಲ್ಲ.

ಸಾವಿನ ಮನೆಯಲ್ಲಿ ಮಾತ್ರ ಕನ್ನಡ ಏನನ್ನೂ ಕೇಳುವುದಿಲ್ಲ. ‘ಮಾತಾಡಿಸಿಕೊಂಡು ಬರ್ತೀನಿ’ ಎಂದು ಹೊರಡುತ್ತೇವೆ, ಅಲ್ಲಿ ಹೆಚ್ಚಿನ ಹೊತ್ತು ಸುಮ್ಮನೆ ಕೂತಿರುತ್ತೇವೆ. ಏಳುವಾಗ ‘ಹೋಗಿ ಬರ್ತೀನಿ’ ಎನ್ನದೆ ಎದ್ದುಬರುತ್ತೇವೆ. ಕಥೆಯ ಪಕ್ಕದ ಮನೆಯವನಿಗೆ ಅನುವಾದಕರೂ ನಾವೂ ಕೂಡಿ ಕೊನೆಗೆ ಕೊಟ್ಟ ಮಾತು ‘ಹೀಗಾಗಬಾರದಿತ್ತಮ್ಮ’. ಇಲ್ಲಿ ‘ನಾನು’ ಇಲ್ಲ. ಅದು ಇರಬೇಕಾದ ಜಾಗವೂ ಅಲ್ಲ.

ಇದನ್ನು ಬರೆಯುತ್ತಿರುವಾಗಲೇ ನಮ್ಮದೇ ‘ತಪ್ಪು–ಒಪ್ಪು’ ಅಂಕಣದ ಕರಡು ಮೇಜಿಗೆ ಬಂತು. ಕಳೆದ ಸಂಚಿಕೆಯ ಅನುವಾದಿತ ಪದ್ಯಗಳ ಕೆಳಗೆ ಅನುವಾದಕಿಯ ಹೆಸರಿರಲಿಲ್ಲ. ‘ಹೆಸರು ಬಿಟ್ಟುಹೋಗಿರುವುದಕ್ಕೆ ವಿಷಾದಿಸುತ್ತೇವೆ’ ಎಂದು ನಾನೇ ಬರೆದಿದ್ದೆ. ಹೆಸರು ತಾನಾಗಿ ಎದ್ದು ಹೋಗಿರಲಿಲ್ಲ. ಕರಡನ್ನು ಕೊನೆಯ ಬಾರಿ ನೋಡಿದವನು ನಾನು. ಆ ಸಾಲನ್ನು ಹೊಡೆದುಹಾಕಿ ಹೀಗೆ ಬರೆದಿದ್ದೇನೆ: ‘ಅನುವಾದಕಿಯ ಹೆಸರನ್ನು ನಾವು ಬಿಟ್ಟೆವು. ತಪ್ಪು ನಮ್ಮದು. ಅವರ ಕ್ಷಮೆ ಕೇಳುತ್ತೇವೆ.’ ಪದ್ಯಗಳು ಅವರ ಹೆಸರಿನೊಂದಿಗೆ ಈ ಸಂಚಿಕೆಯಲ್ಲಿ ಮತ್ತೆ ಅಚ್ಚಾಗಿವೆ.